ಮಾಳಿಂಗನ ಹಾಡಿನ ಭರಣಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಸಿಂಗಾರಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದ ಜನ ಹಾಡದೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಬೀಸುವಾಗ ಒಂದು ಹಾಡು, ಕುಟ್ಟುವಾಗ ಒಂದು ಹಾಡು, ತೊಟ್ಟಿಲು ತೂಗುವಾಗ ಇನ್ನೊಂದು ಹಾಡು. ದೋಣಿಯವರು ಹಾಡುತ್ತ ಹುಟ್ಟು ಹಾಕುತ್ತಿದ್ದರು, ಗಾಣದವರು ಹಾಡುತ್ತ ಎಣ್ಣೆ ತೆಗೆಯುತ್ತಿದ್ದರು.

ಆ ರಾಜ್ಯದ ಉತ್ತರಕ್ಕೆ ಕತ್ತಲಕೊಳ್ಳ ಎಂಬ ಕಣಿವೆ. ಅಲ್ಲಿನ ಗವಿಯಲ್ಲಿ ಧೂಮಕೇಶ ಎಂಬ ಮಾಂತ್ರಿಕನಿದ್ದ. ಅವನಿಗೆ ಅನ್ನ ಬೇಡ, ನೀರು ಬೇಡ. ಅವನು ಹಾಡು ತಿನ್ನುವವನು. ಒಂದು ದಿನ ಗಾಳಿಗೆ ಎದುರಾಗಿ ನಿಂತು ಬಾಯಿ ತೆರೆದ. ರಾಜ್ಯದ ರಾಗಗಳೆಲ್ಲ ಗಾಳಿಯಲ್ಲಿ ತೇಲಿ ಹೋಗಿ ಅವನ ಹೊಟ್ಟೆ ಸೇರಿದವು. ಜನರ ನಾಲಿಗೆಯ ಮೇಲೆ ಮಾತು ಉಳಿಯಿತು, ರಾಗ ಉಳಿಯಲಿಲ್ಲ.

ಅಂದಿನಿಂದ ಬೀಸುವ ಕಲ್ಲು ಭಾರವಾಯಿತು. ದೋಣಿಯವರ ಹುಟ್ಟುಗಳು ಒಂದಕ್ಕೊಂದು ಬಡಿದವು. ಎಲ್ಲಕ್ಕಿಂತ ಕಷ್ಟವೆಂದರೆ ಹಸುಗೂಸುಗಳು ನಿದ್ದೆ ಮಾಡಲಿಲ್ಲ. ಅತ್ತು ಅತ್ತು ಅವುಗಳ ಮೈ ಸೊರಗಿತು. ರಾಜ ಸೈನಿಕರನ್ನು ಕತ್ತಲಕೊಳ್ಳಕ್ಕೆ ಕಳಿಸಿದ. ಹೋದವರು ಯಾರೂ ತಿರುಗಿ ಬರಲಿಲ್ಲ.

ಆ ರಾಜ್ಯದಲ್ಲಿ ಮಾಳಿಂಗ ಎಂಬ ಯುವಕನಿದ್ದ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವುದು ಅವನ ಕಸುಬು. ಜೊತೆಗೆ ಅವನ ಕಾಕಾ ಭರ್ಮಣ್ಣ ಇರುತ್ತಿದ್ದ. ತಂದೆ ಇಲ್ಲದ ಮಾಳಿಂಗನನ್ನು ಸಾಕಿದವನು ಈ ಕಾಕಾನೇ. ಒಳ್ಳೆಯ ಮನುಷ್ಯ, ಆದರೆ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಯಾವ ಹಳ್ಳದ ನೀರು ಸಿಹಿ, ಯಾವ ದಿಬ್ಬದ ಹುಲ್ಲು ಎತ್ತಿಗೆ ಹಿತ ಎಂದು ಬೆಳಗಿನಿಂದ ಸಂಜೆಯ ತನಕ ಹೇಳುತ್ತಲೇ ಇರುತ್ತಿದ್ದ.

ಒಮ್ಮೆ ಅವರು ಮನೆಗೆ ಬಂದಾಗ ಮಾಳಿಂಗನ ಅಕ್ಕ ಸೂಗವ್ವ ಕೂಸನ್ನು ಎದೆಗೆ ಅವುಚಿಕೊಂಡು ಅಂಗಳದಲ್ಲಿ ಕೂತಿದ್ದಳು. ಕೂಸಿನ ಕಣ್ಣು ತೆರೆದೇ ಇದ್ದವು. ಅಳುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ.

"ತಮ್ಮಾ, ಜೋಗುಳದ ಮಾತೆಲ್ಲ ನೆನಪಿದೆ. ಹೇಳಿದರೆ ಸಂತೆಯ ಲೆಕ್ಕ ಹೇಳಿದ ಹಾಗೆ ಕೇಳುತ್ತದೆ. ಈ ಕೂಸು ಉಳಿಯುವುದಿಲ್ಲ ಕಣೋ" ಎಂದಳು ಸೂಗವ್ವ.

"ನಾನು ಧೂಮಕೇಶನ ಹತ್ತಿರ ಹೋಗುತ್ತೇನೆ ಅಕ್ಕಾ" ಎಂದ ಮಾಳಿಂಗ.

"ಇವನೊಬ್ಬನನ್ನೇ ಕಳಿಸುವುದುಂಟೇ? ನಾನೂ ಹೋಗುತ್ತೇನೆ. ದಾರಿಯಲ್ಲಿ ಮಾತಾಡುವುದಕ್ಕೆ ಯಾರಾದರೂ ಬೇಕಲ್ಲ" ಎಂದ ಭರ್ಮಣ್ಣ.

ಇಬ್ಬರೂ ಹೊರಟರು. ಬೆಟ್ಟದ ಬುಡದಲ್ಲಿ ಒಂದು ಗುಡಿಸಲು ಸಿಕ್ಕಿತು. ಅಲ್ಲಿ ತಿಪ್ಪಜ್ಜಿ ಎಂಬ ಮುದುಕಿ ರಾಗಿ ಹಸನು ಮಾಡುತ್ತಿದ್ದಳು. ಅವರು ಹೊರಟ ಕಾರಣ ಕೇಳಿ, ಒಳಗೆ ಹೋಗಿ ಒಂದು ತಾಮ್ರದ ಭರಣಿ ತಂದಳು. ಅದು ಕುಂಕುಮದ ಭರಣಿಯಷ್ಟೇ ಪುಟ್ಟದು. ಅದರಿಂದ ಎರಡು ರೇಷ್ಮೆದಾರ ಹೊರಟಿದ್ದವು. ದಾರದ ತುದಿಗೆ ಒಂದೊಂದು ಕಪ್ಪು ಬೀಜ.

"ಪ್ರಾಯದಲ್ಲಿ ನಾನು ಈ ರಾಜ್ಯವನ್ನೆಲ್ಲ ಸುತ್ತಿದವಳು" ಎಂದಳು ತಿಪ್ಪಜ್ಜಿ. "ಎಲ್ಲಿ ಹಾಡು ಕೇಳಿದರೂ ಈ ಭರಣಿಯ ಮುಚ್ಚಳ ತೆಗೆಯುತ್ತಿದ್ದೆ. ಹಾಡು ಒಳಗೆ ಕೂತುಬಿಡುತ್ತಿತ್ತು. ಎಷ್ಟು ಹಾಡು ತುಂಬಿದರೂ ಇದರ ತೂಕ ಹೆಚ್ಚುವುದಿಲ್ಲ. ಬೀಜಗಳನ್ನು ಕಿವಿಗೆ ಇಟ್ಟುಕೊಂಡರೆ ನಿನಗೊಬ್ಬನಿಗೇ ಕೇಳುತ್ತದೆ. ಮುಚ್ಚಳ ತೆಗೆದರೆ ಊರಿಗೇ ಕೇಳುತ್ತದೆ. ತಾಮ್ರದ ಒಳಗೆ ಇದ್ದುದರಿಂದ ಆ ಪಾಪಿಯ ಕೈಗೆ ಇವು ಸಿಗಲಿಲ್ಲ. ತೆಗೆದುಕೋ ಮಗಾ. ದಿನಕ್ಕಿಷ್ಟು ಹೊತ್ತು ಬಿಸಿಲಿಗೆ ಇಡು, ಇದರ ಊಟ ಅದೇ. ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದನ್ನು ನಾನು ಹೇಳಿದೆ. ಕೆಟ್ಟದ್ದನ್ನು ಹೇಳಿದರೆ ಯಾವ ಹುಡುಗನೂ ಕೇಳುವುದಿಲ್ಲ."

ಮಾಳಿಂಗ ಅಜ್ಜಿಯ ಪಾದ ಮುಟ್ಟಿ ನಮಸ್ಕರಿಸಿದ. ಮೊದಲು ಮನೆಗೆ ಓಡಿ ಬಂದು ಕೂಸಿನ ಮುಂದೆ ಮುಚ್ಚಳ ತೆಗೆದ. ಯಾರೋ ಕಾಣದ ತಾಯಿಯ ಜೋಗುಳ ಹೊರಬಂತು. ಕೂಸು ಒಮ್ಮೆ ಆಕಳಿಸಿ ನಿದ್ದೆ ಹೋಯಿತು. ಸೂಗವ್ವ ಭರಣಿಯನ್ನು ಕಣ್ಣಿಗೆ ಒತ್ತಿಕೊಂಡಳು. "ಇದೊಂದು ಮನೆಯ ಕೂಸು ಮಲಗಿತು. ಉಳಿದ ಮನೆಗಳ ಕೂಸುಗಳು ಎಚ್ಚರವಾಗಿಯೇ ಇವೆ. ನೀವು ಹೋಗಿ ಬನ್ನಿ" ಎಂದಳು.

ಕತ್ತಲಕೊಳ್ಳದ ದಾರಿಯಲ್ಲಿ ಮೊದಲು ಎದುರಾದದ್ದು ಕಬ್ಬಿಣದ ಕರಡಿ. ಅದರ ಒಂದೊಂದು ಕೂದಲೂ ಒಂದೊಂದು ಮೊಳೆ. ಧೂಮಕೇಶ ಅದರ ನಿದ್ದೆಯನ್ನು ಕಿತ್ತುಕೊಂಡು ಕಾವಲಿಗೆ ಕಟ್ಟಿದ್ದ. ಅದರ ಕಣ್ಣು ಕೆಂಡದಂತೆ ಉರಿಯುತ್ತಿದ್ದವು.

"ಯಾರೇ ಬರಲಿ, ಸಿಗಿಯುತ್ತೇನೆ. ನನಗೆ ನಿದ್ದೆ ಇಲ್ಲ, ಯಾರಿಗೂ ನೆಮ್ಮದಿ ಇರಬಾರದು" ಎಂದಿತು ಕರಡಿ.

ಮಾಳಿಂಗ ಭರಣಿಯ ಮುಚ್ಚಳ ತೆಗೆದ. ಜೋಗುಳ ಹರಿದು ಬಂತು. ಕರಡಿ ಕಿವಿ ನಿಮಿರಿಸಿತು. ಮುಂಗಾಲಿನ ಮೇಲೆ ಮುಖ ಇಟ್ಟಿತು. "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಗೊಣಗಿ ಕಣ್ಣು ಮುಚ್ಚಿತು. ಅದರ ಮೈಮೇಲಿನ ಮೊಳೆಗಳು ಒಂದೊಂದೇ ಉದುರಿ ಮೆತ್ತನೆಯ ಕೂದಲು ಮೂಡಿತು. ಇಬ್ಬರೂ ದಾಟಿ ಮುಂದೆ ಹೋದರು.

ಮಾಳಿಂಗನಿಗೆ ಭರಣಿಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಬೀಜಗಳನ್ನು ಕಿವಿಗೆ ಇಟ್ಟುಕೊಂಡ. ಅಬ್ಬಾ, ಏನು ಸುಖ ಅದು. ಏರುದಾರಿ ಏರಿದ್ದೇ ತಿಳಿಯಲಿಲ್ಲ. ಹಸಿವು ನೆನಪಾಗಲಿಲ್ಲ. ಸುಗ್ಗಿಯ ಹಾಡು ಬೇಕೆಂದರೆ ಸುಗ್ಗಿಯ ಹಾಡು, ಮದುವೆಯ ಹಾಡು ಬೇಕೆಂದರೆ ಮದುವೆಯ ಹಾಡು. ಪಕ್ಕದಲ್ಲಿ ಕಾಕಾನ ತುಟಿ ಅಲ್ಲಾಡುತ್ತಿತ್ತು. ಮಾಳಿಂಗ ಆಗಾಗ ತಲೆ ಆಡಿಸುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕಾಕಾನ ತುಟಿ ಅಲ್ಲಾಡುವುದೂ ನಿಂತಿತು. ಮಾಳಿಂಗ ಅದನ್ನು ಗಮನಿಸಲಿಲ್ಲ.

ಮುಂದೆ ಬೋಳು ಬಯಲು. ಅಲ್ಲಲ್ಲಿ ಈಟಿ ಹಿಡಿದ ಕಲ್ಲಿನ ಬೊಂಬೆಗಳು. ಕರಡಿಯಿಂದ ತಪ್ಪಿಸಿಕೊಂಡು ಇಲ್ಲಿಯ ತನಕ ಬಂದಿದ್ದ ರಾಜನ ಸೈನಿಕರು ಅವರು. ಆ ಬಯಲಿನ ಆಕಾಶದಲ್ಲಿ ಶಿಲಾಪಕ್ಷಿ ಎಂಬ ಹಕ್ಕಿ ಹಾರುತ್ತಿತ್ತು. ಅದರ ನೆರಳು ಬಿದ್ದವರು ಕಲ್ಲಾಗುತ್ತಿದ್ದರು. ಎರಗುವ ಮೊದಲು ಅದು ಒಂದು ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳಿದವನು ಬಂಡೆಯ ಸಂದಿಗೆ ಓಡಿದರೆ ಬದುಕುತ್ತಿದ್ದ.

ಹಕ್ಕಿ ಸಿಳ್ಳೆ ಹಾಕಿತು. ಭರ್ಮಣ್ಣನಿಗೆ ಕೇಳಿತು. ಅವನು ಬಂಡೆಯ ಸಂದಿಗೆ ಓಡಿ ತಿರುಗಿ ನೋಡಿದ. ಮಾಳಿಂಗ ತಲೆದೂಗುತ್ತ ಬಯಲ ನಡುವೆ ನಡೆಯುತ್ತಿದ್ದ.

"ಮಾಳಿಂಗಾ, ಈ ಕಡೆ ಬಾ. ಮಾಳಿಂಗಾ, ಹಕ್ಕಿ ಬಂತು. ಮಾಳಿಂಗಾ, ಕೇಳೋ" ಎಂದು ಕಾಕಾ ಮೂರು ಸಲ ಕೂಗಿದ. ಮಾಳಿಂಗನ ಕಿವಿಯಲ್ಲಿ ಮದುವೆಯ ಹಾಡು ನಡೆದಿತ್ತು.

ಭರ್ಮಣ್ಣ ಸಂದಿಯಿಂದ ಹೊರಗೆ ಓಡಿಬಂದ. ಮಾಳಿಂಗನನ್ನು ಬಂಡೆಯ ಕಡೆ ತಳ್ಳಿದ. ನೆರಳು ಬಿತ್ತು. ಕೈ ಚಾಚಿಕೊಂಡು, ಬಾಯಿ ತೆರೆದುಕೊಂಡು, ಕಾಕಾ ಕಲ್ಲಾಗಿ ನಿಂತ.

ಬಿದ್ದ ರಭಸಕ್ಕೆ ಬೀಜಗಳು ಕಿವಿಯಿಂದ ಜಾರಿದ್ದವು. ಮಾಳಿಂಗ ಎದ್ದು ಕಲ್ಲನ್ನು ತಬ್ಬಿಕೊಂಡ. "ಕಾಕಾ, ಮಾತಾಡು" ಎಂದ. ಆಗ ಅವನು ಭರಣಿಯನ್ನು ಕೈಗೆತ್ತಿಕೊಂಡು ಕಾಕಾನ ದನಿಗಾಗಿ ಹುಡುಕಿದ. ಅದರಲ್ಲಿ ರಾಜ್ಯದ ಎಲ್ಲ ಊರಿನ ದನಿಯೂ ಇತ್ತು. ಭರ್ಮಣ್ಣನ ದನಿ ಒಂದು ಚೂರೂ ಇರಲಿಲ್ಲ. ಇಷ್ಟು ದಾರಿ ಜೊತೆಗೇ ನಡೆದರೂ ಕಾಕಾ ಮಾತಾಡುವಾಗ ಮುಚ್ಚಳ ತೆಗೆಯಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಮಾಳಿಂಗ ಕಲ್ಲಿನ ಕಾಲ ಬಳಿ ಕೂತು ಅತ್ತ. ಆಮೇಲೆ ಮುಖ ಒರೆಸಿಕೊಂಡು, ಎರಡೂ ಕಿವಿ ತೆರೆದಿಟ್ಟುಕೊಂಡು, ಸಿಳ್ಳೆ ಕೇಳಿದಾಗಲೆಲ್ಲ ಬಂಡೆಯ ಮರೆ ಸೇರುತ್ತ ಬಯಲನ್ನು ದಾಟಿದ.

ಕತ್ತಲಕೊಳ್ಳದಲ್ಲಿ ಬಿಸಿಲಿರಲಿಲ್ಲ. ಗವಿಯ ಬಾಯಿಯಲ್ಲಿ ಧೂಮಕೇಶ ಕೂತಿದ್ದ. ಅವನ ಹೊಟ್ಟೆ ಗುಡಾಣದಂತೆ ಉಬ್ಬಿತ್ತು. ಒಳಗಿನಿಂದ ಸಾವಿರ ಹಾಡುಗಳು ಒಟ್ಟಿಗೆ ನರಳುವುದು ಕೇಳುತ್ತಿತ್ತು.

"ನಮ್ಮ ಹಾಡುಗಳನ್ನು ಬಿಡು" ಎಂದ ಮಾಳಿಂಗ.

"ನಿನ್ನ ಹತ್ತಿರ ಇನ್ನೂ ಇವೆ ಅಂತ ವಾಸನೆ ಬರುತ್ತಿದೆ. ತೆರೆ, ನೋಡೋಣ" ಎಂದ ಮಾಂತ್ರಿಕ.

ಕರಡಿಯನ್ನು ಮಲಗಿಸಿದ ಹಾಗೆ ಇವನನ್ನೂ ಮಲಗಿಸಬಹುದೆಂದು ಮಾಳಿಂಗ ಮುಚ್ಚಳ ತೆಗೆದ. ಜೋಗುಳ ಬಂತು. ಧೂಮಕೇಶ ಅದನ್ನು ಗುಟುಕರಿಸಿದ. ಸುಗ್ಗಿಯ ಹಾಡು ಬಂತು. ಅದನ್ನೂ ಗುಟುಕರಿಸಿದ. ಮೂರನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಭರಣಿಯ ಬಿಸಿಲು ಮುಗಿಯಿತು. ದನಿ ತೊದಲಿತು, ಸಣ್ಣದಾಯಿತು, ನಿಂತಿತು. ಮಾಳಿಂಗ ಭರಣಿಯನ್ನು ಅಲ್ಲಾಡಿಸಿದ, ಉಜ್ಜಿದ, ಎದೆಗೆ ಇಟ್ಟುಕೊಂಡ. ತಾಮ್ರ ತಣ್ಣಗಿತ್ತು.

"ಮುಗಿಯಿತೇ? ಇನ್ನು ನೀನು ಹಾಡು" ಎಂದು ನಕ್ಕ ಧೂಮಕೇಶ. "ನಿನಗೆ ಬರುವ ಹಾಡೆಲ್ಲ ನನ್ನ ಹೊಟ್ಟೆಯಲ್ಲಿದೆ."

ಮಾತು ನಿಜವಾಗಿತ್ತು. ಕೇಳಿದ್ದ ಯಾವ ಹಾಡಿನ ರಾಗವೂ ಮಾಳಿಂಗನಿಗೆ ನೆನಪಾಗಲಿಲ್ಲ. ಅವನ ಮನಸ್ಸಿನಲ್ಲಿ ಉಳಿದದ್ದು ಕಾಕಾ ಒಬ್ಬನೇ. ಕೈ ಚಾಚಿ ನಿಂತಿದ್ದ ಕಾಕಾ. ಮಾಳಿಂಗ ಬಾಯಿ ತೆರೆದ. ಏನು ಹಾಡಬೇಕೆಂದು ಅವನಿಗೇ ಗೊತ್ತಿರಲಿಲ್ಲ.

"ಕರಿಯ ಹಳ್ಳದ ನೀರು ಸಿಹಿ ಎಂದ ನನ್ನ ಕಾಕಾ, ದಿಬ್ಬದ ಮೇಲಿನ ಹುಲ್ಲು ಹಿತ ಎಂದ ನನ್ನ ಕಾಕಾ. ನಾನು ಕೇಳಲಿಲ್ಲ ಕಾಕಾ, ನಾನು ಕೇಳಲಿಲ್ಲ."

ಅದಕ್ಕೊಂದು ರಾಗ ಹುಟ್ಟಿತು. ಒರಟಾಗಿತ್ತು, ನಡುಗುತ್ತಿತ್ತು. ಧೂಮಕೇಶ ಬಾಯಿ ತೆರೆದು ಎಳೆದ. ಹಾಡು ಸಿಗಲಿಲ್ಲ. ಲೋಕದಲ್ಲಿದ್ದ ಹಾಡುಗಳ ಗುರುತು ಅವನಿಗಿತ್ತು, ಆಗ ತಾನೇ ಹುಟ್ಟುತ್ತಿದ್ದ ಹಾಡಿನ ಗುರುತು ಇರಲಿಲ್ಲ. ಮತ್ತೆ ಎಳೆದ. ಅಷ್ಟರಲ್ಲಿ ಹಾಡು ಬೇರೆ ತಿರುವು ಹಿಡಿದಿತ್ತು. ಸಿಟ್ಟಿನಿಂದ ಇನ್ನೂ ದೊಡ್ಡದಾಗಿ ಬಾಯಿ ತೆರೆದ. ಹೊಟ್ಟೆಯೊಳಗಿದ್ದ ಹಾಡುಗಳು ಹೊರಗಿನ ದನಿಯನ್ನು ಕೇಳಿದವು. ಅವೆಲ್ಲ ಒಂದೇ ಸಲ ಆ ದನಿಗೆ ದನಿ ಕೂಡಿಸಿದವು. ಧೂಮಕೇಶನ ಹೊಟ್ಟೆ ನಗಾರಿಯಂತೆ ಗುಡುಗಿ ಒಡೆಯಿತು. ಅವನು ಹೊಗೆಯಾಗಿ ಗವಿಯ ಸಂದಿಗಳಲ್ಲಿ ಇಂಗಿ ಹೋದ. ರಾಗಗಳು ಆಕಾಶಕ್ಕೆ ಹಾರಿದವು. ಶಿಲಾಪಕ್ಷಿ ಗುಬ್ಬಿಯಷ್ಟು ಚಿಕ್ಕದಾಗಿ ಎತ್ತಲೋ ಹಾರಿಹೋಯಿತು.

ಮಾಳಿಂಗ ಬಯಲಿಗೆ ಓಡಿದ. ಸೈನಿಕರು ಕಣ್ಣುಜ್ಜಿಕೊಳ್ಳುತ್ತ ಎದ್ದು ನಿಂತಿದ್ದರು. ಭರ್ಮಣ್ಣನ ಕೈ ಅಲ್ಲಾಡಿತು, ಬಾಯಿ ಅಲ್ಲಾಡಿತು.

"ಕೇಳೋ ಅಂದರೆ ಕೇಳುವುದಿಲ್ಲವಲ್ಲ ನೀನು" ಎಂದು ಕಾಕಾ ಬಿಟ್ಟಲ್ಲಿಂದಲೇ ಮಾತು ಶುರುಮಾಡಿದ.

"ಹೇಳು ಕಾಕಾ, ಕೇಳುತ್ತೇನೆ" ಎಂದು ಮಾಳಿಂಗ ಅವನ ಕಾಲಿಗೆ ಬಿದ್ದ.

ಬೆಟ್ಟದ ಬುಡಕ್ಕೆ ಬಂದು ಅವನು ಭರಣಿಯನ್ನು ತಿಪ್ಪಜ್ಜಿಯ ಮುಂದೆ ಇಟ್ಟ. "ಅಜ್ಜಿ, ಇದರಿಂದ ನನ್ನ ಅಕ್ಕನ ಕೂಸು ಬದುಕಿತು. ಇದರಿಂದಲೇ ನನ್ನ ಕಾಕಾ ಕಲ್ಲಾದ. ಏನು ಮಾಡಲಿ?"

ತಿಪ್ಪಜ್ಜಿ ಹೇಳಿದಳು, "ಕಾಕಾನನ್ನು ಕಲ್ಲು ಮಾಡಿದ್ದು ಭರಣಿಯಲ್ಲ ಮಗಾ, ಮುಚ್ಚಿದ ನಿನ್ನ ಕಿವಿ. ಇದನ್ನು ಇಟ್ಟುಕೋ. ರಾಗಗಳು ಮರಳಿ ಬಂದಿವೆ, ಆದರೆ ಜನರ ನಾಲಿಗೆ ಜಡ್ಡುಗಟ್ಟಿದೆ. ಊರೂರಿಗೆ ಹೋಗಿ ಅವರವರ ಹಾಡು ಅವರವರಿಗೆ ಕೇಳಿಸು."

ಮಾಳಿಂಗ ಹಾಗೆಯೇ ಮಾಡಿದ. ಎತ್ತಿನ ಮೇಲೆ ಉಪ್ಪು, ಅಂಗೈಯಲ್ಲಿ ಭರಣಿ. ಹೋದ ಊರಿನಲ್ಲೆಲ್ಲ ಕಟ್ಟೆಯ ಮೇಲೆ ಕೂತು ಮುಚ್ಚಳ ತೆಗೆಯುತ್ತಿದ್ದ. ಜನ ಕೇಳಿ, ಗುನುಗಿ, ಮತ್ತೆ ಕಲಿಯುತ್ತಿದ್ದರು. ದಾರಿ ನಡೆಯುವಾಗ ಒಂದು ಕಿವಿಗೆ ಮಾತ್ರ ಬೀಜ ಇಟ್ಟುಕೊಳ್ಳುತ್ತಿದ್ದ. ಇನ್ನೊಂದು ಕಿವಿ ಕಾಕಾನದು.

ಒಂದು ಊರಿನಲ್ಲಿ ಸಂಗಪ್ಪ ಎಂಬ ಮುದುಕ ಜನರ ಹಿಂದೆ ನಿಂತಿದ್ದ. ಭರಣಿಯಿಂದ ಒಂದು ಬೀಸುವ ಹಾಡು ಬಂತು. ಹಾಡುವ ಹೆಂಗಸು ನಡುವೆ ಒಮ್ಮೆ ಕೆಮ್ಮಿದಳು, "ರೀ, ಆ ಮೊರ ಈ ಕಡೆ ಕೊಡಿ" ಎಂದಳು, ಮತ್ತೆ ಹಾಡಿದಳು. ಸಂಗಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಇವಳು ನನ್ನ ಹೆಂಡತಿ" ಎಂದ. "ತೀರಿಕೊಂಡು ಬಹಳ ವರ್ಷವಾಯಿತು. ಆ ದಿನ ಪ್ರಾಯದ ಹೆಂಗಸೊಬ್ಬಳು ಇಂಥದೇ ಭರಣಿ ಹಿಡಿದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಮೊರ ಕೊಟ್ಟವನು ನಾನೇ."

ಮಾಳಿಂಗ ಹಾಡನ್ನು ಮತ್ತೆ ಮೊದಲಿನಿಂದ ಕೇಳಿಸಿದ. ಕೆಮ್ಮು ಬಂದಾಗ ಮುದುಕ ನಕ್ಕ. ಹಾಡು ಮುಗಿದ ಮೇಲೆ ಮಾಳಿಂಗನ ತಲೆಯ ಮೇಲೆ ಕೈಯಿಟ್ಟು, "ನೀನು ನೂರು ವರ್ಷ ಬಾಳು" ಎಂದ. ನೆರೆದಿದ್ದ ಹೆಂಗಸರು ಆ ಹಾಡನ್ನು ಎತ್ತಿಕೊಂಡು ಹಾಡತೊಡಗಿದರು. ಸಂಗಪ್ಪ ಕಟ್ಟೆಯ ಮೇಲೆ ಕೂತು ಕೊನೆಯ ತನಕ ಕೇಳಿದ.

ಸಿಂಗಾರಗಿರಿಯ ಕೂಸುಗಳು ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದವು. ದೊಡ್ಡವರು ಹಾಡುತ್ತ ದುಡಿದು, ಒಬ್ಬರ ಮಾತು ಒಬ್ಬರು ಕೇಳುತ್ತ ಬಹುಕಾಲ ಚೆನ್ನಾಗಿ ಬಾಳಿದರು.