ಸಾಕು ಎನ್ನುವ ಅಧಿಕಾರ

ದಂಡಿನಲ್ಲಿ ತಪ್ಪು ಮಾಡಿದ ಸಿಪಾಯಿಯ ಬೆನ್ನಿಗೆ ಬೀಳುವ ಒಂದೊಂದು ಚಾಟಿಯೇಟಿಗೂ ಒಂದು ಡೋಲಿನ ಪೆಟ್ಟು. ಸಾಕು ಎನ್ನುವ ಅಧಿಕಾರ ಕರ್ನಲ್‌ಗೆ ಮಾತ್ರ. ನನ್ನ ದೊಡ್ಡಪ್ಪ ಕರ್ನಲ್ ಥರ್ಲೋ ಎಂದೂ ಹಾಗೆ ಹೇಳಿದವರಲ್ಲ.

ಅವರು ನಿವೃತ್ತರಾಗಿ ಇಂಗ್ಲೆಂಡಿನ ಡೆವನ್‌ನಲ್ಲಿ ಹಾಸಿಗೆ ಹಿಡಿದಿದ್ದಾಗ, ಒಂದು ಮಧ್ಯಾಹ್ನ ಖಾಲಿ ತೋಟದಿಂದ ಡೋಲು ಕೇಳಿಸಿತು. ಪ್ರತಿ ಪೆಟ್ಟಿಗೂ ಅವರ ಮೈ ಬಿಲ್ಲಿನಂತೆ ಬಾಗುತ್ತಿತ್ತು.

"ಸಾಕು, ಸಾಕು" ಎಂದು ನರಳಿದರು.

ಅವರ ಆಳು, ಹಳೆಯ ಸಿಪಾಯಿ ಜೋಬ್, ಮೆತ್ತಗೆ ಅವರ ಬೆವರು ಒರೆಸಿದ. "ಚಾಟಿಯೇಟು ತಿಂದು ನನ್ನ ತಮ್ಮ ಸಾಯೋವರೆಗೂ ಈ ಮಾತು ನಿಮ್ಮ ಬಾಯಿಗೆ ಬರ್ಲಿಲ್ಲ. ಈಗ ನೀವು ಕರ್ನಲ್ ಅಲ್ವಲ್ಲ, ಸಾಹೇಬ್ರೇ."

ನಾನೂ "ಸಾಕು" ಎಂದೆ. ಡೋಲು ನಿಲ್ಲಲಿಲ್ಲ, ದೊಡ್ಡಪ್ಪನ ಉಸಿರು ನಿಂತಿತು.

ಸಂಜೆ ನಾನೇ ಹೆಣ ತೊಳೆದೆ. ಬೆನ್ನ ಮೇಲೆ ಒಂದು ಗೀರೂ ಇರಲಿಲ್ಲ. ಮಣ್ಣು ಮಾಡಿ ವರ್ಷಗಳಾದವು. ಡೋಲು ಈಗ ಚರ್ಚಿನ ಹಿಂದಿನ ಅವರ ಗೋರಿಯಿಂದ ಕೇಳಿಸುತ್ತದೆ.