ಮೂರು ಕಂಪ್ಲೇಂಟು ಬರೆದವಳು

ನಾಲ್ಕು ದಿನದ ಮೇಲೆ ಕರೆಂಟು ಬಂದಿತ್ತು. ಶಿವಮೂರ್ತಪ್ಪನ ಹಿಟ್ಟಿನ ಮಿಲ್ಲಿನ ಮುಂದೆ ಅಜ್ಜಂಪುರದ ಅರ್ಧ ಹೆಂಗಸರು ರಾಗಿ ಡಬ್ಬ ಇಟ್ಟುಕೊಂಡು ಕೂತಿದ್ದರು. ಶಿವಮೂರ್ತಪ್ಪನ ಮಗಳು ಮಲ್ಲಿಕಾಂಬ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟಾರ್ಟರ್ ಒತ್ತಿದಳು. ಮೋಟಾರು ಗುರ್ ಎಂದಿತು, ಬೆಲ್ಟು ಓಡಿತು, ಹಿಟ್ಟು ಮಾತ್ರ ಬೀಳಲಿಲ್ಲ.

"ಲೇ ಮಲ್ಲಿ, ಬೆಲ್ಟು ಹಿಂದ್ಕೆ ಓಡ್ತೈತಲ್ಲೇ!" ಎಂದಳು ಸಾಲಿನ ಮೊದಲಲ್ಲಿದ್ದ ದ್ಯಾವಮ್ಮ. "ನಾಕ್ ದಿನದಿಂದ ಮುದ್ದೆ ಕಂಡಿಲ್ಲ ನಮ್ಮನೆಯೋನು. ಇವತ್ತು ನನ್ನೇ ಮುರ್ಕಂಡು ತಿಂತಾನೆ."

1981ರ ಏಪ್ರಿಲ್. ಆ ವರ್ಷ ಮುಂಗಾರಿಗೆ ಮುಂಚಿನ ಗಾಳಿಮಳೆ ಕೆಟ್ಟದಾಗಿ ಹೊಡೆದಿತ್ತು. ರೈಲ್ವೆ ಗೇಟಿನ ಹತ್ತಿರ ಹುಣಸೆ ಮರ ಲೈನಿನ ಮೇಲೆ ಬಿದ್ದು ಏಳು ಕಂಬ ಒಂದರ ಹಿಂದೊಂದು ಮಲಗಿದ್ದವು. ಹೊಸ ಕಂಬ ನೆಟ್ಟು ಮಿಲ್ಲಿನ ತಂತಿ ಸೇರಿಸುವಾಗ ಯಾರೋ ಮೂರು ಫೇಸ್ ತಂತಿಗಳಲ್ಲಿ ಎರಡನ್ನು ಅದಲು ಬದಲು ಮಾಡಿದ್ದರು. ಮನೆಯ ಬಲ್ಬಿಗೆ ಇದರಿಂದ ಏನೂ ಆಗುವುದಿಲ್ಲ. ಮಿಲ್ಲಿನ ಮೋಟಾರು ಉಲ್ಟಾ ತಿರುಗುತ್ತದೆ.

ಮಲ್ಲಿಕಾಂಬ ಹಿಟ್ಟು ಮೆತ್ತಿದ ಕೈಯಲ್ಲೇ ಕರೆಂಟ್ ಆಫೀಸಿಗೆ ನಡೆದಳು. ಜಗಲಿಯ ಮೇಲೆ ಒಬ್ಬ ಯುವಕ ಹಗ್ಗದ ಸುರುಳಿಯನ್ನೇ ದಿಂಬು ಮಾಡಿಕೊಂಡು ಮಲಗಿದ್ದ.

"ಊರಿಗೆ ಊರೇ ಉಪವಾಸ ಬಿದ್ದೈತೆ. ನಿಮ್ಗೆ ಹಗಲುನಿದ್ದೆ ಬರುತ್ತೇನ್ರೀ?"

ಅವನು ಒಂದೇ ಕಣ್ಣು ಬಿಟ್ಟ. "ಬೆಳಗ್ಗೆ ಐದಕ್ಕೆ ಕಂಬದಿಂದ ಇಳಿದೆ ಕಣ್ರೀ. ಇನ್ನೊಂದು ಕಣ್ಣು ಇನ್ನೂ ಅಲ್ಲೇ ಐತೆ."

ಒಳಗಿಂದ ಮೇಸ್ತ್ರಿ ದಾವೂದ್ ಸಾಬ್ ದಪ್ಪ ಪುಸ್ತಕ ತಂದರು. "ಬುಕ್ಕಲ್ಲಿ ಬರೀಯವ್ವಾ. ಬರೀದೆ ಯಾರನ್ನೂ ಕಳ್ಸಂಗಿಲ್ಲ."

ಅವಳು ಒಂದು ಪುಟ ಬರೆದಳು. 'ಬೇಜವಾಬ್ದಾರಿ' ಎಂಬ ಪದ ಮೂರು ಸಲ ಬಂತು. ಯುವಕ ಎದ್ದು ಬಂದು ಓದಿದ. "ಇಷ್ಟು ಚಂದದ ಅಕ್ಷರದಲ್ಲಿ ನನ್ನ ಯಾರೂ ಬೈದಿರ್ಲಿಲ್ಲ."

ಅವನ ಹೆಸರು ಓಂಕಾರಪ್ಪ. ಊರು ಲಕ್ಕವಳ್ಳಿ. ಐ.ಟಿ.ಐ. ಮಾಡಿ ಮೂರು ವರ್ಷದಿಂದ ದಿನಗೂಲಿ ಲೈನ್‌ಮನ್ ಆಗಿದ್ದ. ಕಂಬ ಹತ್ತಿ ಹತ್ತು ನಿಮಿಷದಲ್ಲಿ ಸರಿ ಮಾಡಿದ. "ಮಳೇಲಿ, ಟಾರ್ಚ್ ಬೆಳಕಲ್ಲಿ ಕಟ್ಟಿದ್ದು. ನಂದೇ ತಪ್ಪು. ಮೂರು ತಂತೀಲಿ ಯಾವ್ದಾದ್ರೂ ಎರಡನ್ನ ಅದಲು ಬದಲು ಮಾಡಿದ್ರೆ ಆಯ್ತು, ಮೋಟಾರು ದಾರಿಗೆ ಬತ್ತದೆ."

ಮಲ್ಲಿಕಾಂಬ ಇದನ್ನು ಬಹಳ ಗಮನವಿಟ್ಟು ಕೇಳಿದಳು. ಒಂದು ಲೋಟ ಮಜ್ಜಿಗೆ ಕೊಟ್ಟಳು. ಅವನು ಕುಡಿಯುವಾಗ ಲೋಟದ ಅಂಚಿನ ಮೇಲಿಂದ ಅವಳನ್ನು ನೋಡಿದ. ಸಿಕ್ಕಿಬಿದ್ದೆ ಎಂದು ತಿಳಿದೊಡನೆ ಗೋಡೆಯ ಮೇಲಿನ ಮೀಟರನ್ನು ಓದತೊಡಗಿದ.

"ಮೀಟರ್ ಎಷ್ಟಾಗೈತೆ?" ಕೇಳಿದಳು.

"ಏನು?"

"ಓದ್ತಾ ಇದ್ರಲ್ಲ."

ಅವನ ಕಿವಿ ಕೆಂಪಾಯಿತು. ಅವಳಿಗೆ ಆ ಕಿವಿ ವಾರಗಟ್ಟಲೆ ನೆನಪಾಗುತ್ತಿತ್ತು.

ಮೇ ತಿಂಗಳ ಮೊದಲಲ್ಲಿ ಎರಡನೆಯ ಗಾಳಿ ಬಂತು. ಆಲಿಕಲ್ಲಿಗೆ ಹೆಂಚು ಒಡೆದವು, ಊರು ಎರಡು ದಿನ ಕತ್ತಲಲ್ಲಿ ಕೂತಿತು. ಮೂರನೆಯ ದಿನ ಕರೆಂಟು ಬಂದಾಗ ಮೋಟಾರು ಸರಿಯಾಗಿಯೇ ತಿರುಗಿತು. ದ್ಯಾವಮ್ಮನಿಗೆ ಸಂತೋಷವಾಯಿತು. ಮಲ್ಲಿಕಾಂಬನಿಗೆ ಆಗಲಿಲ್ಲ.

ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಅವಳು ಮೇನ್ ಸ್ವಿಚ್ ಆಫ್ ಮಾಡಿದಳು. ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಮುಚ್ಚಳ ಬಿಚ್ಚಿ ಎರಡು ತಂತಿಗಳನ್ನು ಅದಲು ಬದಲು ಮಾಡಿದಳು. ಆಮೇಲೆ ಹೋಗಿ ಬುಕ್ಕಿನಲ್ಲಿ ಬರೆದಳು: ಮೋಟಾರು ಮತ್ತೆ ಉಲ್ಟಾ.

ಓಂಕಾರಪ್ಪ ಬಂದ. ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದ, ಹತ್ತಲಿಲ್ಲ. ಒಳಗೆ ಬಂದು ಸ್ಟಾರ್ಟರ್ ಬಿಚ್ಚಿದ. ಸ್ಕ್ರೂಗಳ ಮೇಲೆ ಬೆರಳಾಡಿಸಿ ನೋಡಿದ.

"ಏನಾಗಿತ್ತು?" ಕೇಳಿದಳು.

"ನಮ್ಮ ಕಡೇದೇ ತಪ್ಪು," ಎಂದ, ಅವಳ ಕಡೆ ನೋಡದೆ.

ಆ ದಿನ ಅವನು ಒಂದು ಗಂಟೆ ಕೂತಿದ್ದ. "ಲಕ್ಕವಳ್ಳಿ ಡ್ಯಾಮಿನ ಪಕ್ಕದಲ್ಲೇ ಹುಟ್ಟಿದೋನು ನಾನು. ನಮ್ಮನೆಗೆ ಕರೆಂಟ್ ಬಂದಿದ್ದು ನಾನು ಎಸ್ಸೆಸ್ಸೆಲ್ಸಿ ಓದೋವಾಗ."

"ಅದಕ್ಕೇ ಲೈನ್‌ಮನ್ ಆದ್ರಾ?"

"ಇಲ್ಲ. ಕೆಲ್ಸ ಸಿಕ್ತು, ಆದೆ."

ಈ ಉತ್ತರ ಅವಳಿಗೆ ಹಿಡಿಸಿತು.

ಮೂರನೆಯ ಗಾಳಿ ಮೇ ಕೊನೆಯಲ್ಲಿ ಬಂತು, ಎಲ್ಲಕ್ಕಿಂತ ದೊಡ್ಡದು. ಕಡೂರಿನಿಂದ ಇತ್ತ ಎಲ್ಲ ಕತ್ತಲು. ಪೇಟೆ ಬೀದಿಗೆ ಐದು ದಿನಕ್ಕೆ ಕರೆಂಟು ಬಂತು, ಸುತ್ತಲ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ಅವಳು ಮತ್ತೆ ಸ್ಕ್ರೂಡ್ರೈವರ್ ಹಿಡಿದಳು, ಮತ್ತೆ ಬರೆದಳು.

ಓಂಕಾರಪ್ಪ ಸಂಜೆ ಬಂದ. ಕಣ್ಣು ಕೆಂಡದಂತಿದ್ದವು, ಎಡಗೈಗೆ ಬಟ್ಟೆ ಸುತ್ತಿತ್ತು. ಸ್ಟಾರ್ಟರ್ ಸರಿ ಮಾಡಿ ರಾಗಿ ಮೂಟೆಗೆ ಒರಗಿದವನು ನಿಂತ ಹಾಗೆಯೇ ನಿದ್ದೆ ಹೋದ. ಮಲ್ಲಿಕಾಂಬ ಮಜ್ಜಿಗೆ ಲೋಟ ಹಿಡಿದು ಎದುರಿಗೆ ನಿಂತಳು. ಹಳ್ಳಿಗಳು ಕತ್ತಲಲ್ಲಿವೆ, ಇವನು ಐದು ದಿನದಿಂದ ಮಲಗಿಲ್ಲ, ತಾನು ಇವನ ಮುಖ ನೋಡುವ ಆಸೆಗೆ ಕರೆಸಿದ್ದೇನೆ. ಅವಳಿಗೆ ನಾಚಿಕೆಯಾಯಿತು. ಇನ್ನು ಸ್ಟಾರ್ಟರಿನ ಮುಚ್ಚಳ ಬಿಚ್ಚುವುದಿಲ್ಲ ಎಂದುಕೊಂಡಳು.

ಅಷ್ಟಕ್ಕೆ ಮುಗಿಯಲಿಲ್ಲ. ನಾಲ್ಕು ದಿನದ ಮೇಲೆ ದಾವೂದ್ ಸಾಬರು ಗೋಧಿ ಬೀಸಿಸಲು ಬಂದರು.

"ನಿಮ್ಮ ಮಿಲ್ಲಿಗೆ ಹೊಸಬನ್ನ ಕಳಿಸ್ಬೇಕವ್ವಾ ಇನ್ಮೇಲೆ. ಓಂಕಾರನ ಕತೆ ಮುಗೀತು."

"ಏನಾಯ್ತು ಸಾಬ್ರೇ?"

"ದಿನಗೂಲಿಯೋರನ್ನ ಕಾಯಂ ಮಾಡೋ ಪಟ್ಟಿ ಬಂದೈತೆ. ಅವನ ಮೇಲೆ ಮೂರು ಕಂಪ್ಲೇಂಟು, ಮೂರೂ ನಿಂದೇ. ಮೂರಕ್ಕೂ ಆ ಹುಚ್ಚ 'ನನ್ನ ತಪ್ಪು' ಅಂತ ಸೈನ್ ಹಾಕವ್ನೆ. ಲೈನಲ್ಲಿ ಒಂದೇ ತಪ್ಪನ್ನ ಮೂರು ಸಲ ಮಾಡೋನು ನಾಳೆ ಯಾರನ್ನೋ ಕೊಲ್ತಾನೆ, ಪಟ್ಟಿಯಿಂದ ಹೆಸ್ರು ಹೊಡೆದಾಕ್ತೀನಿ ಅಂತಾರೆ ಇಂಜಿನಿಯರ್ ಸಾಹೇಬ್ರು. ಸೋಮವಾರ ತರೀಕೆರೆಯಿಂದ ಬತ್ತಾರೆ."

ಮಲ್ಲಿಕಾಂಬ ಮೋಟಾರು ನಿಲ್ಲಿಸಿದಳು.

ಸೋಮವಾರ ಹತ್ತೂವರೆಗೆ ಅವಳು ಆಫೀಸಿನ ಬಾಗಿಲಲ್ಲಿದ್ದಳು. ಇಂಜಿನಿಯರ್ ಎದುರು ಕಂಪ್ಲೇಂಟ್ ಬುಕ್ ತೆರೆದಿತ್ತು. ಓಂಕಾರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಪ್ಪು ಮಾಡಿದ ಶಾಲೆ ಹುಡುಗನಂತೆ ನಿಂತಿದ್ದ.

"ಸರ್, ಈ ಮೂರೂ ನಾನೇ ಬರೆದಿದ್ದು. ಮೊದಲನೇದು ನಿಜ. ಇನ್ನೆರಡು ಸುಳ್ಳು. ವೈರ್ ಬದಲಾಯಿಸಿದ್ದು ನಾನೇ."

ಇಂಜಿನಿಯರ್ ಕನ್ನಡಕ ತೆಗೆದರು. "ನೀನಾ? ಹೇಗೆ?"

"ಮೇನ್ ಆಫ್ ಮಾಡಿ, ಸ್ಟಾರ್ಟರ್ ಬಿಚ್ಚಿ, ಮೊದಲನೇ ವೈರು ಮೂರನೇದಕ್ಕೆ, ಮೂರನೇದು..."

"ಹೇಗೆ ಅಂತ ಗೊತ್ತಾಯ್ತು. ಯಾಕೆ?"

ಇದಕ್ಕೆ ಅವಳು ಮನೆಯಲ್ಲಿ ಮೂರು ಒಳ್ಳೆಯ ಕಾರಣಗಳನ್ನು ತಯಾರು ಮಾಡಿಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ಇವ್ರು ಬರ್ಲಿ ಅಂತ."

ಫ್ಯಾನು ತಿರುಗುವ ಸದ್ದು ಕೇಳಿಸಿತು. ದಾವೂದ್ ಸಾಬರು ಬಾರದ ಕೆಮ್ಮು ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ಇಂಜಿನಿಯರ್ ಓಂಕಾರಪ್ಪನನ್ನು ನೋಡಿದರು. "ನಿಂಗೆ ಗೊತ್ತಿತ್ತೇನಯ್ಯಾ?"

"ಗೊತ್ತಿತ್ತು ಸರ್. ಎರಡನೇ ಸಲಾನೇ. ಸ್ಟಾರ್ಟರಿನ ಸ್ಕ್ರೂ ಮೇಲೆ ಹಿಟ್ಟಿರ್ಲಿಲ್ಲ. ಆ ಮಿಲ್ಲಲ್ಲಿ ಹಿಟ್ಟಿಲ್ದಿರೋ ಜಾಗ ಅದೊಂದೇ."

"ಮತ್ತೆ ನನ್ನ ತಪ್ಪು ಅಂತ ಯಾಕೆ ಬರೆದೆ?"

"ಮೀಟರಿಂದ ಒಳಗಿನ ವೈರಿಂಗ್ ನಮ್ಮ ಕೆಲಸ ಅಲ್ವಲ್ಲ ಸರ್. ಒಳಗಿನ ತಪ್ಪು ಅಂತ ಬರೆದಿದ್ರೆ, ಇನ್ಮೇಲೆ ಹೊರಗಿನ ವೈರ್‌ಮನ್ ಕರೆಸ್ಕೊಳ್ಳಿ ಅನ್ನೋರು." ಅವನ ಕಿವಿ ಕೆಂಪಾಗಿತ್ತು. "ನನ್ನ ಕಳಿಸ್ತಿರ್ಲಿಲ್ಲ."

ಮಲ್ಲಿಕಾಂಬ ಅವನ ಕಡೆ ತಿರುಗಿದಳು. ಎದುರಿಗೆ ಇಂಜಿನಿಯರ್ ಇದ್ದಾರೆಂಬುದು ಮರೆತೇಹೋಯಿತು. "ಬುದ್ಧಿ ಐತೇನ್ರೀ ನಿಮ್ಗೆ? ಕೆಲ್ಸ ಹೋಗಿದ್ರೆ?"

"ಹೋಗುತ್ತೆ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ?"

ಅವನು ಯೋಚಿಸಿದ. "ಎರಡನೇದಕ್ಕೆ ಸೈನ್ ಹಾಕ್ತಿದ್ದೆ. ಮೂರನೇದಕ್ಕೆ ಸ್ವಲ್ಪ ಯೋಚನೆ ಮಾಡ್ತಿದ್ದೆ."

ಇಂಜಿನಿಯರ್ ನಗು ತಡೆಯಲು ಪೆನ್ನಿನ ಮುಚ್ಚಳ ಕಚ್ಚಿದರು. ಆಮೇಲೆ ಗಂಭೀರವಾಗಿ ಹೇಳಿದರು: "ಆ ಮಳೇಲಿ ಒಂದು ಸಲ ತಪ್ಪಾಗೋದು ಸಹಜ, ನಾನೂ ಮಾಡಿದ್ದೀನಿ. ಹೆಸ್ರು ಪಟ್ಟೀಲಿರುತ್ತೆ. ಬುಕ್ಕಲ್ಲಿ ಸುಳ್ಳು ಬರೆದದ್ದಕ್ಕೆ ವಾರ್ನಿಂಗು, ಅದೂ ಫೈಲಲ್ಲಿರುತ್ತೆ. ನೀನಮ್ಮ, ಈಗ ಹೇಳಿದ್ದನ್ನ ಬರೆದುಕೊಡು."

"ಯಾಕೆ ಅನ್ನೋದನ್ನೂ ಬರೀಬೇಕಾ ಸರ್?"

"ಬೇಡ. ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ."

ಅವಳು ಬರೆದು ತಲೆ ಎತ್ತಿದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದ. ಮಗಳು ಮಿಲ್ಲು ಬಿಟ್ಟು ಎಲ್ಲಿ ಹೋದಳೆಂದು ಹುಡುಕಿಕೊಂಡು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಎರಡು ಸಲ ಅರ್ಧರ್ಧ ದಿನ ಮಿಲ್ಲು ನಿಂತದ್ದು ನಿನ್ನಿಂದಾನಾ?"

"ಹೂಂ ಅಪ್ಪಾಜಿ."

"ದ್ಯಾವಮ್ಮನ ಬಾಯಲ್ಲಿ ಬೈಸ್ಕೊಂಡೋನು ನಾನು!" ಶಿವಮೂರ್ತಪ್ಪ ಮೂಗಿನಲ್ಲಿ ಉಸಿರು ಬಿಟ್ಟು ಓಂಕಾರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಹಳ ಹೊತ್ತು ನೋಡಿದ. "ಯಾವೂರಪ್ಪಾ ನಿಂದು?"

"ಲಕ್ಕವಳ್ಳಿ, ಯಜಮಾನ್ರೇ."

"ಯಾರ ಪೈಕಿ?"

ದಾವೂದ್ ಸಾಬರು ಮಲ್ಲಿಕಾಂಬನ ಕಡೆ ಕಣ್ಣು ಮಿಟುಕಿಸಿದರು. ಅಪ್ಪ ಈ ಪ್ರಶ್ನೆಯನ್ನು ಬರಿದೇ ಕೇಳುವವನಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೊರಗೆ ಓಡಿಬಂದಳು.

ತುಸು ಹೊತ್ತಿಗೆ ಓಂಕಾರಪ್ಪನೂ ಜಗಲಿಗೆ ಬಂದ. "ಭಾನುವಾರ ಅಮ್ಮನ್ನ ಕರ್ಕೊಂಡು ಮನೆಗೆ ಬಾ ಅಂದ್ರು."

"ಬತ್ತೀರಾ?"

"ಬುಕ್ಕಲ್ಲಿ ಬರೀದೆ ಎಲ್ಲಿಗೂ ಹೋಗಂಗಿಲ್ಲ ನಾವು."

"ಬರೆಯೋದು ಬಿಟ್ಟೆ. ಬೈಯೋದಿದ್ರೆ ಇನ್ನು ಮುಖಕ್ಕೇ."

ಇಬ್ಬರೂ ನಕ್ಕರು. ತರೀಕೆರೆ ಗುಡ್ಡದ ಕಡೆಯಿಂದ ಕಪ್ಪು ಮೋಡ ಎದ್ದಿತ್ತು, ರಸ್ತೆಯ ದೂಳು ಸುಳಿಯಾಗಿ ಏಳತೊಡಗಿತ್ತು. ಒಳಗೆ ಫ್ಯಾನು ನಿಂತ ಸದ್ದು, ಹಿಂದೆಯೇ ದಾವೂದ್ ಸಾಬರ ಕೂಗು: "ಓಂಕಾರಾ, ಶಿವನಿ ಊರ ಕಡೆ ಲೈನ್ ಹೋಯ್ತು ಕಣೋ!"

ಅವನು ಕದಲಲಿಲ್ಲ. ಅವಳ ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು, ಅದನ್ನೇ ನೋಡುತ್ತ ನಿಂತ. ಈ ಸಲ ಓದಲು ಮೀಟರೂ ಇರಲಿಲ್ಲ.

ಮಲ್ಲಿಕಾಂಬ ಗೂಟದ ಮೇಲಿನ ಹಗ್ಗದ ಸುರುಳಿ ತೆಗೆದು ಅವನ ಹೆಗಲಿಗೆ ಹಾಕಿದಳು.

"ಹೋಗಿ. ಎಲ್ಲಾರ ಮನೆಗೂ ಲೈಟ್ ಬಂದ್ಮೇಲೆ ನಮ್ಮನೆಗೆ ಬನ್ನಿ. ಭಾನುವಾರ ಅಲ್ದಿದ್ರೆ ಬುಧವಾರ. ನಾನು ಕಾಯ್ತೀನಿ."