ಮೂರು ಸಲ ಬೇಡವೆಂದ ಉಂಗುರ

"ಉಂಗುರ ತುಂಬಾ ಚೆನ್ನಾಗಿದೆ," ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಅರ್ಜಂಗ್ ತಕ್ಷಣ ಅದನ್ನು ಕಳಚಿ, ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದ. "ನಿಮ್ಮದೇ."

"ಅಯ್ಯೋ ಬೇಡ, ನಿಮ್ಮ ಕೈಗೇ ಒಪ್ಪುತ್ತೆ."

"ನಿಮ್ಮ ಮುಂದೆ ಇದೇನು ಮಹಾ? ತಗೊಳ್ಳಿ."

"ಬೇಡ ಬೇಡ, ನೀವು ಅಂದದ್ದೇ ಸಾಕು."

"ನಿಜವಾಗ್ಲೂ ಹೇಳ್ತಿದೀನಿ, ಖಾನುಂ." ಮೇಡಂ ಎನ್ನುವಂಥ ಗೌರವದ ಕರೆ ಅದು.

"ನಿಮ್ಮದು ದೊಡ್ಡ ಮನಸ್ಸು. ಬೇಡ."

ಮೆಚ್ಚಿದ್ದನ್ನು ಕೊಡುತ್ತೇನೆನ್ನುವುದು ಉಪಚಾರ. ಮೂರು ಸಲ ಬೇಡವೆನ್ನುವುದು ಮರ್ಯಾದೆ. ಶಿರಾಜಿನಲ್ಲಿ ಅಮ್ಮ ನನ್ನನ್ನು ಹಾಗೇ ಬೆಳೆಸಿದ್ದಾಳೆ. ಆದರೆ ಮೂರನೆಯ 'ಬೇಡ'ಕ್ಕೆ ಅವನ ಕಣ್ಣು ಅರೆಕ್ಷಣ ನನ್ನ ಮೇಲೆ ನಿಂತು, ಬತ್ತಿ ಇಳಿಸಿದ ದೀಪದಂತೆ ಮಂಕಾಯಿತು. ಉಂಗುರವನ್ನು ಮತ್ತೆ ತೊಟ್ಟು ಕಾರು ತರಲು ಹೋದ.

ನಾನು ಬೂಶೆಹ್ರ್‌ಗೆ ಬಂದದ್ದು ಕ್ಯಾಪ್ಟನ್ ಹ್ಯಾರೋಬಿಗಾಗಿ. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಬ್ರಿಟಿಷ್ ಅಧಿಕಾರಿ, ಪಾರಸಿ ಭಾಷೆಯ ಪಂಡಿತ, ನಿಘಂಟು ಬರೆದವನು. ನಾನು ಇಳಿದುಕೊಂಡಿರುವ ಅರ್ಜಂಗನ ಇದೇ ಮನೆಯ ಮಹಡಿಯಲ್ಲಿದ್ದು ಕಾಲರಾದಲ್ಲಿ ಒಂಟಿಯಾಗಿ ಸತ್ತವನು. ಅವನ ಬದುಕೇ ನನ್ನ ಥೀಸಿಸ್. ಅರ್ಜಂಗ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ರಜೆ ಹಾಕಿ ನನ್ನನ್ನು ಸಾಹೇಬನ ಸಮಾಧಿಗೆ ಕರೆದೊಯ್ದಿದ್ದ. ಕಲ್ಲಿಗೆ ಹತ್ತಿದ ಉಪ್ಪನ್ನು ಅವನು ಒರೆಸುತ್ತಿದ್ದರೆ, ಅಕ್ಷರ ಓದುವ ನೆಪದಲ್ಲಿ ನಾನು ಅವನ ರೆಪ್ಪೆಗಳನ್ನು ನೋಡಿದ್ದೆ.

ಆದರೆ ಬ್ರಿಟಿಷರ ತೋಪಿಗೆ ಮಕ್ಕಳನ್ನು ಕಳೆದುಕೊಂಡ ಊರಿದು. ಇಂಗ್ಲಿಷಿನವನೊಬ್ಬನ ವಿಚಾರ ಕೇಳುತ್ತ ತಿರುಗುವ ಹುಡುಗಿ ಎಷ್ಟು ದಿನ ಕಣ್ಣಿಗೆ ಬೀಳದೆ ಇದ್ದಾಳು? ನಿನ್ನೆ ಬೂದು ಕೋಟಿನವನೊಬ್ಬ, ಸರ್ಕಾರದ ಕಡೆಯವನೇ ಇರಬೇಕು, ರೊಟ್ಟಿ ಅಂಗಡಿಯಲ್ಲಿ ವಿಚಾರಿಸಿದನಂತೆ: "ಅವಳು ಯಾರ ಪರವಾಗಿ ಬಂದಿದಾಳೆ? ಇಳ್ಕೊಂಡಿರೋದು ಯಾರ ಮನೇಲಿ?"

ಆಗಿನಿಂದ ಬಾಗಿಲು ಕಿರುಗುಟ್ಟಿದರೂ ಜೀವ ಬಾಯಿಗೆ ಬರುತ್ತದೆ. ನನ್ನದೇನೋ ಆಗಲಿ, ನನ್ನಿಂದ ಈ ಮನೆಗೆ ಕೇಡಾದರೆ? ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ಹೇಳಿಬಿಟ್ಟಿದ್ದೆ.

ಬ್ಯಾಗು ಹಿಡಿದು ಇಳಿದರೆ ಅರ್ಜಂಗನ ಅಜ್ಜಿ ಬೀಬಿ ಟೀ ಇಟ್ಟುಕೊಂಡು ಕೂತಿದ್ದಳು. ಹಲ್ಲಿನ ನಡುವೆ ಸಕ್ಕರೆ ತುಂಡು.

"ಉಂಗುರ ಬೇಡ ಅಂದ್ಯಂತೆ?"

"ಉಪಚಾರಕ್ಕೆ ಕೊಟ್ರು, ಬೀಬಿ. ಹೇಗೆ ತಗೊಳ್ಳಲಿ?"

ಅವಳು ಸೊರ್ರನೆ ಟೀ ಹೀರಿದಳು. "ನಿನ್ನ ಸಾಹೇಬನೂ ಥೇಟ್ ನಿನ್ನ ಹಾಗೇ ಕಣೇ. ನಮ್ಮ ಮನೆ ಹುಡುಗಿ ಮೇಲೆ ಅವನಿಗೆ ಪ್ರಾಣ. ಕಲ್ಮಾ ಓದೋಕೂ ತಯಾರಿದ್ದ. ನಮ್ಮ ಮುತ್ತಜ್ಜ ಅವನ ಹೆಸರನ್ನ ನಮ್ಮ ಅಕ್ಷರದಲ್ಲಿ ಕೆತ್ತಿಸಿ ಆ ಉಂಗುರ ಮಾಡ್ಸಿ, 'ಇದೂ ನಿಮ್ಮದು, ಮಗಳೂ ನಿಮ್ಮವಳು' ಅಂದ. ಪಂಡಿತ ನೋಡು, ನಮ್ಮ ಉಪಚಾರ ನಮಗಿಂತ ಚೆನ್ನಾಗಿ ಕಲಿತಿದ್ದ! ತಲೆ ಬಗ್ಗಿಸಿ ಮೂರು ಸಲ 'ನಾನು ಯೋಗ್ಯನಲ್ಲ' ಅಂದ."

"ಆಮೇಲೆ?"

"ಆಮೇಲೇನು? ನಾಲ್ಕನೇ ಸಲ ಕೇಳ್ತಾರೆ ಅಂತ ಅವನು ಕಾದ. ಹೆಣ್ಣು ಹೆತ್ತೋರಿಗೂ ಮಾನ ಇರಲ್ವಾ? ಪರದೆ ಹಿಂದೆ ಹುಡುಗಿ ಅಳ್ತಾ ಕೂತ್ಲು. ಆ ಬೇಸಿಗೆಗೆ ಕಾಲರಾ ಬಂತು." ಬೀಬಿ ಲೋಟ ಕೆಳಗಿಟ್ಟಳು. "ಅವತ್ತಿಂದ ಈ ಮನೆ ಗಂಡಸರು ಆ ಉಂಗುರ ಯಾರ ಮುಂದೆಯೂ ಸುಮ್ನೆ ಕಳಚಲ್ಲ."

ಹೊರಗೆ ಕಾರಿನ ಹಾರ್ನ್ ಕೇಳಿಸಿ, ಬ್ಯಾಗು ಎತ್ತಿಕೊಂಡೆ.

ಅರ್ಜಂಗ್ ಕಾರನ್ನು ಬಸ್ ನಿಲ್ದಾಣಕ್ಕೆ ತಂದು ನಿಲ್ಲಿಸಿದ. ಕಂಬದ ಪಕ್ಕದಲ್ಲಿ ಬೂದು ಕೋಟು ನಿಂತಿತ್ತು.

"ಆ ಕಡೆ ನೋಡ್ಬೇಡಿ," ಅರ್ಜಂಗ್ ಪಿಸುಗುಟ್ಟಿದ. "ಬ್ಯಾಗ್ ನಾನು ತರ್ತೀನಿ."

"ಬೇಡ, ನೀವು ಹೋಗಿಬಿಡಿ. ನನ್ನ ಜೊತೆ ನಿಮ್ಮನ್ನ ನೋಡ್ತಾನೆ."

"ನೋಡ್ಲಿ."

ಬಸ್ಸಿನ ಮೆಟ್ಟಿಲ ಬಳಿ ಬ್ಯಾಗು ಇಟ್ಟು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. "ಹೋಗಿ ಬನ್ನಿ, ಖಾನುಂ." ಕಂಡಕ್ಟರ್ ಶಿರಾಜ್ ಶಿರಾಜ್ ಎಂದು ಕೂಗುತ್ತಿದ್ದ. ಬೂದು ಕೋಟು ನಮ್ಮನ್ನೇ ನೋಡುತ್ತಿತ್ತು. ಸುಮ್ಮನೆ ಹತ್ತಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಸಾಹೇಬನೂ ಹೀಗೇ ಸುಮ್ಮನಿದ್ದನಲ್ಲ!

"ಉಂಗುರ ತುಂಬಾ ಚೆನ್ನಾಗಿದೆ," ಎಂದೆ.

ಅವನು ತಲೆಯೆತ್ತಿದ.

"ಥೀಸಿಸ್‌ಗಾ?"

"ಅಲ್ಲ."

"ಹಾಗಾದ್ರೆ..." ಅವನ ಸ್ವರ ಒಡೆಯಿತು. "ನಿಮ್ಮದೇ."

"ಕೊಡಿ," ಎಂದು ಕೈ ಚಾಚಿದೆ.

ಇಡೀ ದೇಶದಲ್ಲಿ ಇಷ್ಟು ಮರ್ಯಾದೆಗೆಟ್ಟ ಮಾತನ್ನು ಯಾವ ಹುಡುಗಿಯೂ ಆಡಿರಲಾರಳು. ಅವನು ನಕ್ಕುಬಿಟ್ಟ, ಕಣ್ಣಂಚಲ್ಲಿ ನೀರು. ಉಂಗುರ ನನ್ನ ಬೆರಳಿಗೆ ಸಡಿಲ. ಹೆಬ್ಬೆರಳಿಗೆ ತೊಟ್ಟೆ. ಅವನ ಕೈಯ ಬಿಸಿ ಇನ್ನೂ ಅದರಲ್ಲಿತ್ತು.

"ಶುಕ್ರವಾರ ಬೀಬಿನ ಕರ್ಕೊಂಡು ನಿಮ್ಮ ಮನೆಗೆ ಬರ್ತೀನಿ, ಗೊಲ್‌ನೂಶ್." ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದಿದ್ದ. "ಟೀ ಸಿಗುತ್ತಾ?"

"ಮೊದಲನೇ ಸಲಕ್ಕೇ ಹೂಂ ಅಂದ್ರೆ ಸಿಗುತ್ತೆ."

ಬಸ್ಸು ಹೊರಟಿತು. ಬೂದು ಕೋಟಿನವನು ಎದುರಾದರೂ ಅರ್ಜಂಗ್ ಕದಲದೆ ನಿಂತೇ ಇದ್ದ, ಬರಿಗೈ ಎತ್ತಿಕೊಂಡು. ನಾನೂ ಕೈ ಎತ್ತಿದೆ. ಊರ ಗಡಿ ದಾಟುವವರೆಗೂ ಉಂಗುರ ಕಿಟಕಿಯ ಗಾಜಿಗೆ ತಾಗಿ ಟಿಕ್ ಟಿಕ್ ಎನ್ನುತ್ತಲೇ ಇತ್ತು.